ಯುವ ಕ್ರೀಡಾಪಟುಗಳು ಮತ್ತು ಸ್ಟೆರಾಯ್ಡ್: ಪೋಷಕರು, ತರಬೇತುದಾರರು ಇಡಬೇಕಾದ ಹೆಜ್ಜೆಗಳು

ಹದಿನಾರರ ಹುಡುಗನಿಗೆ ಸ್ಟೆರಾಯ್ಡ್ ಪರಿಚಯವಾಗುವುದು ಸಾಮಾನ್ಯವಾಗಿ ಆ ಹೆಸರಿನಲ್ಲಿ ಅಲ್ಲ. ಜಿಮ್‌ನಲ್ಲಿ ಪಕ್ಕದ ಬೆಂಚಿನ ಮೇಲೆ ಕುಳಿತ, ಅವನಿಗಿಂತ ಐದಾರು ವರ್ಷ ದೊಡ್ಡವನಾದ, ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ ಒಬ್ಬಾತ ಬೆವರು ಒರೆಸಿಕೊಳ್ಳುತ್ತ ‘ಒಂದು ಸೈಕಲ್ ಹಾಕು, ಎಂಟು ವಾರದಲ್ಲಿ ನೀನೇ ನೋಡು’ ಎನ್ನುತ್ತಾನೆ. ಆ ಮಾತಿನಲ್ಲಿ ಔಷಧದ ಹೆಸರೂ ಇಲ್ಲ, ಅಪಾಯದ ಸುಳಿವೂ ಇಲ್ಲ. ತಂಡದ ಆಯ್ಕೆಗೆ ಮೂರು ತಿಂಗಳು ಉಳಿದಿರುವ, ಓರಗೆಯವರೆಲ್ಲ ತನಗಿಂತ ಮೊದಲೇ ಮೈತುಂಬಿಕೊಂಡಿರುವುದನ್ನು ದಿನವೂ ಕನ್ನಡಿಯಲ್ಲಿ ಹೋಲಿಸಿಕೊಳ್ಳುವ ಹುಡುಗನಿಗೆ ಎಂಟು ವಾರ ಎಂಬ ಲೆಕ್ಕ ಮಾತ್ರ ಕಿವಿಯಲ್ಲಿ ಉಳಿಯುತ್ತದೆ.

ಹಲವು ವರ್ಷ ಯುವ ಓಟಗಾರರಿಗೆ ತರಬೇತಿ ನೀಡಿದ ನನಗೆ ಮನವರಿಕೆಯಾಗಿರುವುದು ಇಷ್ಟು: ಈ ಮಕ್ಕಳು ಸ್ಟೆರಾಯ್ಡ್‌ನಲ್ಲಿ ಹುಡುಕುವುದು ಸಮಯವನ್ನು. ಎರಡು ವರ್ಷದ ಬೆಳವಣಿಗೆ ಎರಡು ತಿಂಗಳಿನಲ್ಲಿ ಕೈಗೆ ಸಿಗಲಿ ಎಂಬ ಆತುರ ಅವರನ್ನು ಅತ್ತ ತಳ್ಳುತ್ತದೆ, ಮತ್ತು ಆ ಆತುರದಲ್ಲಿ ದೊಡ್ಡವರಾದ ನಮ್ಮ ಪಾಲೂ ಸಾಕಷ್ಟಿದೆ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಅರ್ಧದಷ್ಟು ಮಕ್ಕಳ ಬಗ್ಗೆಯಾದರೆ ಉಳಿದರ್ಧ ನಮ್ಮ ನಡವಳಿಕೆಯ ಬಗ್ಗೆ ಇವೆ.

ಮೊದಲ ಹೆಜ್ಜೆ: ಯಾವ ಸ್ಟೆರಾಯ್ಡ್ ಎಂಬುದನ್ನು ಬೇರ್ಪಡಿಸಿಕೊಳ್ಳಿ

ಅಸ್ತಮಾ, ಅಲರ್ಜಿ, ಕೀಲುಗಳ ಉರಿಯೂತಕ್ಕೆ ವೈದ್ಯರು ಬರೆದುಕೊಡುವ ಪ್ರೆಡ್ನಿಸೋಲೋನ್, ಬ್ಯುಡೆಸೊನೈಡ್‌ನಂಥವು ಕಾರ್ಟಿಕೋಸ್ಟೆರಾಯ್ಡ್‌ಗಳು. ಅವು ಸ್ನಾಯು ಬೆಳೆಸುವುದಿಲ್ಲ. ಈ ಲೇಖನದ ವಿಷಯ ಅನಬಾಲಿಕ್ ಸ್ಟೆರಾಯ್ಡ್‌ಗಳು, ಅಂದರೆ ಟೆಸ್ಟೋಸ್ಟೆರಾನ್ ಮತ್ತು ಅದರ ರಚನೆಯನ್ನು ತುಸು ಬದಲಿಸಿ ತಯಾರಿಸಿದ ನಾಂಡ್ರೊಲೋನ್, ಸ್ಟನೊಜೊಲಾಲ್, ಮೆಥಾಂಡಿಯೆನೋನ್ ಮೊದಲಾದ ಔಷಧಗಳು. ಈ ಎರಡನ್ನು ಬೆರೆಸಿ ಗಾಬರಿಯಾದ ಪೋಷಕರು ಮಗುವಿನ ಅಸ್ತಮಾ ಇನ್‌ಹೇಲರನ್ನೇ ನಿಲ್ಲಿಸಿಬಿಡುವುದುಂಟು. ಅದು ಪ್ರಾಣಕ್ಕೆ ಕುತ್ತು ತರಬಲ್ಲ ತಪ್ಪು.

ಜಿಮ್‌ನ ಮಾತುಗಳನ್ನೂ ತಿಳಿದಿರಬೇಕು. ಕೆಲವು ವಾರ ತೆಗೆದುಕೊಂಡು ಕೆಲವು ವಾರ ಬಿಡುವುದಕ್ಕೆ ‘ಸೈಕಲ್’ ಎನ್ನುತ್ತಾರೆ, ಎರಡು ಮೂರು ಬಗೆಯನ್ನು ಒಟ್ಟಿಗೆ ಸೇರಿಸುವುದು ‘ಸ್ಟ್ಯಾಕ್’, ಒಟ್ಟು ಸಾಮಗ್ರಿಯೇ ‘ಗೇರ್’. ಸೈಕಲ್ ಮುಗಿದ ಮೇಲೆ ನುಂಗುವ ಮಾತ್ರೆಗಳಿಗೆ ‘ಪಿಸಿಟಿ’ ಎಂಬ ಹೆಸರಿದೆ. ಈಚೆಗೆ ಇವುಗಳ ಜತೆ ‘ಸಾರ್ಮ್ಸ್’ ಸೇರಿಕೊಂಡಿವೆ. ಆಸ್ಟರೀನ್, ಲಿಗಾಂಡ್ರೋಲ್ ಎಂಬ ಹೆಸರುಗಳಲ್ಲಿ ಸಿಗುವ ಇವನ್ನು ಸ್ಟೆರಾಯ್ಡ್ ಅಲ್ಲವೆಂದು ಹೇಳಿ ಮಾರುತ್ತಾರೆ. ಅವು ಔಷಧವಾಗಿ ಬಳಸಲು ಅನುಮೋದನೆ ಪಡೆದವಲ್ಲ, ಕ್ರೀಡೆಯ ನಿಷೇಧಿತ ಪಟ್ಟಿಯಲ್ಲಿ ಅನಬಾಲಿಕ್ ವಸ್ತುಗಳ ಸಾಲಿನಲ್ಲೇ ಇವೆ.

ಎರಡನೇ ಹೆಜ್ಜೆ: ಬೆಳೆಯುವ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೀವು ಕಲಿಯಿರಿ

‘ಅದು ಕೆಟ್ಟದ್ದು’ ಎಂಬ ಒಂದೇ ಮಾತಿನ ಮುಂದೆ ‘ಅವನು ತೊಗೊಂಡ, ಏನೂ ಆಗಲಿಲ್ಲವಲ್ಲ’ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಅದಕ್ಕೆ ಉತ್ತರ ಕೊಡಲು ಕಾರಣಗಳು ಗೊತ್ತಿರಬೇಕು.

ವಯಸ್ಕರಿಗಿಲ್ಲದ, ಹದಿಹರೆಯದವರಿಗೆ ಮಾತ್ರ ಇರುವ ಒಂದು ನಷ್ಟದಿಂದ ಶುರು ಮಾಡೋಣ. ಕೈಕಾಲುಗಳ ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದ. ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್‌ನ ಒಂದು ಭಾಗವನ್ನು ದೇಹ ಈಸ್ಟ್ರೋಜನ್ ಆಗಿ ಪರಿವರ್ತಿಸುತ್ತದೆ, ಮತ್ತು ಆ ಪದರ ಗಟ್ಟಿಯಾಗಿ ಮೂಳೆಯಾಗುವಂತೆ ಸೂಚನೆ ಕೊಡುವುದು ಈಸ್ಟ್ರೋಜನ್ನೇ. ಒಮ್ಮೆ ಮುಚ್ಚಿದ ಪದರ ಮತ್ತೆ ತೆರೆಯುವುದಿಲ್ಲ. ಇನ್ನೂ ಕೆಲವು ಸೆಂಟಿಮೀಟರ್ ಎತ್ತರವಾಗಬೇಕಿದ್ದ ಹುಡುಗ ಆ ಎತ್ತರವನ್ನು ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಈಜು, ಎತ್ತರ ಜಿಗಿತದ ಮಕ್ಕಳಿಗೆ ಈ ಮಾತು ಬೇರೆ ಯಾವ ಎಚ್ಚರಿಕೆಗಿಂತಲೂ ಬೇಗ ತಾಗುವುದನ್ನು ನಾನು ನೋಡಿದ್ದೇನೆ. ಹುಡುಗರಲ್ಲಿ ಎದೆಯ ಭಾಗ ಸ್ತನದಂತೆ ಊದಿಕೊಳ್ಳುವುದಕ್ಕೂ ಇದೇ ಈಸ್ಟ್ರೋಜನ್ ಕಾರಣ. ಅದು ಬೇರೂರಿದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಎರಡನೆಯದು ದೇಹದ ಸ್ವಂತ ಉತ್ಪಾದನೆ ನಿಲ್ಲುವುದು. ರಕ್ತದಲ್ಲಿ ಹಾರ್ಮೋನ್ ತುಂಬಿ ತುಳುಕುತ್ತಿರುವುದನ್ನು ಕಂಡ ಮೆದುಳು, ವೃಷಣಗಳಿಗೆ ಕಳುಹಿಸುತ್ತಿದ್ದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಸಂದೇಶಗಳನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಔಷಧ ಬಿಟ್ಟ ತಕ್ಷಣ ಈ ವ್ಯವಸ್ಥೆ ಎಚ್ಚರಗೊಳ್ಳುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ, ಮುಖದ ಮೇಲೆ ಕೂದಲು ಮೂಡುತ್ತದೆ, ಧ್ವನಿ ದಪ್ಪವಾಗುತ್ತದೆ. ಹೀಗೆ ಬದಲಾದ ಧ್ವನಿ ಔಷಧ ಬಿಟ್ಟ ಮೇಲೂ ಹಾಗೆಯೇ ಉಳಿಯಬಹುದು.

ಹೃದಯದಲ್ಲಿ ಆಗುವುದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ, ಕೆಟ್ಟದ್ದು ಏರುತ್ತದೆ, ರಕ್ತ ದಪ್ಪವಾಗುತ್ತದೆ, ಒತ್ತಡ ಹೆಚ್ಚುತ್ತದೆ, ಹೃದಯದ ಎಡಗೋಡೆ ದಪ್ಪಗಾಗುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ತೋರಿಸಲಾಗುವ ಆ ಗೆಳೆಯನಿಗೆ ಇವೆಲ್ಲ ಆಗುತ್ತಿರಬಹುದು, ಅವನಿಗೂ ಗೊತ್ತಿರುವುದಿಲ್ಲ. ಬಾಯಿಯ ಮೂಲಕ ತೆಗೆದುಕೊಳ್ಳುವ ಹಲವು ಬಗೆಗಳು ಯಕೃತ್ತಿಗೆ ವಿಶೇಷ ಹಾನಿಕರ. ಸ್ನಾಯು ಬೇಗ ಬಲಗೊಂಡು, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅದೇ ವೇಗದಲ್ಲಿ ಬಲಗೊಳ್ಳದೆ ಹರಿಯುವ ಅಪಾಯವೂ ಇದೆ. ಸೂಜಿ ಹಂಚಿಕೊಂಡರಂತೂ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ.

ಮೂರನೇ ಹೆಜ್ಜೆ: ಮಾತಾಡಿ, ಆದರೆ ಹೆದರಿಸುವುದಕ್ಕೆ ಹೋಗಬೇಡಿ

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಬೇಕು. ಒಮ್ಮೆ ನನ್ನ ಬಳಿ ಓಡುತ್ತಿದ್ದ ಹುಡುಗನೊಬ್ಬ ಅಭ್ಯಾಸ ಮುಗಿದ ಮೇಲೆ ಶೂ ಲೇಸ್ ಬಿಚ್ಚುತ್ತ, ತಲೆ ಎತ್ತದೆ, ‘ಸರ್, ಕೆಲವರು ಏನೋ ಇಂಜೆಕ್ಷನ್ ತೊಗೊಳ್ತಾರಂತೆ, ನಿಜವಾ?’ ಎಂದು ಕೇಳಿದ. ನಾನು ಎಲ್ಲರೆದುರು ಸಿಡಿದೆದ್ದು, ನಿಷೇಧ, ಮಾನ, ಮರ್ಯಾದೆ ಎಂದೆಲ್ಲ ಕೂಗಾಡಿದೆ. ಅವನು ಲೇಸ್ ಮತ್ತೆ ಕಟ್ಟಿಕೊಂಡು ಎದ್ದು ಹೋದ. ಮುಂದೆ ತಿಂಗಳುಗಟ್ಟಲೆ ಅವನು ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಉತ್ತರ ಕೊಡಲು ಬೇರೆಯವರು ಸಿದ್ಧರಿದ್ದರು.

ಕೇವಲ ಭಯ ಹುಟ್ಟಿಸುವ ಪಾಠ ಕೆಲಸ ಮಾಡುವುದಿಲ್ಲ ಎಂಬುದು ನನ್ನೊಬ್ಬನ ಅನುಭವವಲ್ಲ. 1990ರ ದಶಕದಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಪ್ರೌಢಶಾಲೆಗಳ ಫುಟ್‌ಬಾಲ್ ತಂಡಗಳಲ್ಲಿ ‘ಅಟ್ಲಾಸ್’ ಎಂಬ ಕಾರ್ಯಕ್ರಮ ನಡೆಯಿತು. ಅದರಲ್ಲಿ ದುಷ್ಪರಿಣಾಮಗಳನ್ನು ಹೇಳುವುದರ ಜತೆಗೆ, ಸ್ಟೆರಾಯ್ಡ್ ಬಲವನ್ನು ಹೆಚ್ಚಿಸುತ್ತದೆ ಎಂಬ ಸತ್ಯವನ್ನೂ ಮುಚ್ಚಿಡದೆ, ಆಹಾರ ಮತ್ತು ತೂಕದ ವ್ಯಾಯಾಮದ ಸರಿಯಾದ ಕ್ರಮವನ್ನು ಕಲಿಸಲಾಯಿತು. ಪಾಠದ ದೊಡ್ಡ ಭಾಗವನ್ನು ತಂಡದ ಆಟಗಾರರೇ ನಡೆಸಿದರು. ಅದರಲ್ಲಿ ಪಾಲ್ಗೊಂಡವರಲ್ಲಿ ಸ್ಟೆರಾಯ್ಡ್ ಬಳಸುವ ಇರಾದೆ ಇತರರಿಗಿಂತ ಕಡಿಮೆಯಾಯಿತು. ‘ಅದರಿಂದ ಏನೂ ಪ್ರಯೋಜನವಿಲ್ಲ’ ಎಂಬ ಸುಳ್ಳನ್ನು ಮಕ್ಕಳು ಜಿಮ್‌ಗೆ ಹೋದ ಮೊದಲ ವಾರವೇ ಕಂಡುಹಿಡಿಯುತ್ತಾರೆ, ಆ ಮೇಲೆ ನಮ್ಮ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಾರೆ.

ಆದ್ದರಿಂದ ಮಾತನ್ನು ಹದಿಮೂರು ಹದಿನಾಲ್ಕರಲ್ಲೇ, ಯಾವ ಅನುಮಾನವೂ ಇಲ್ಲದ ಕಾಲದಲ್ಲಿ ಆರಂಭಿಸಿ. ಪ್ರಯಾಣದಲ್ಲೋ ನಡೆಯುತ್ತಲೋ, ಮುಖಕ್ಕೆ ಮುಖ ಕೊಟ್ಟು ಕೂರದ ಹೊತ್ತಿನಲ್ಲಿ ಇದು ಸುಲಭ. ‘ನಿಮ್ಮ ತಂಡದಲ್ಲಿ ಇದರ ಬಗ್ಗೆ ಏನು ಮಾತಾಡ್ತಾರೆ?’ ಎಂದು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ಸುಮ್ಮನಿರಿ. ಹುಡುಗ ಪಂದ್ಯಕ್ಕಾಗಿ ಇದನ್ನು ಯೋಚಿಸುತ್ತಿದ್ದಾನೋ ಕನ್ನಡಿಗಾಗಿಯೋ ಎಂಬುದನ್ನು ಗಮನಿಸಿ. ಎಷ್ಟು ಬೆಳೆದರೂ ತಾನು ಸಣಕಲ ಎಂದೇ ಕಾಣುವ, ಮೈ ತೋರಿಸಲು ನಾಚಿ ಬಿಸಿಲಿನಲ್ಲೂ ದಪ್ಪ ಅಂಗಿ ತೊಡುವ ಮಕ್ಕಳಿದ್ದಾರೆ. ಮಸಲ್ ಡಿಸ್‌ಮಾರ್ಫಿಯಾ ಎಂದು ಕರೆಯುವ ಈ ಸ್ಥಿತಿಗೆ ಕ್ರೀಡಾ ಸಲಹೆ ಸಾಲದು, ಮನೋವೈದ್ಯರ ನೆರವು ಬೇಕು.

ನಾಲ್ಕನೇ ಹೆಜ್ಜೆ: ಆತುರ ಎಲ್ಲಿಂದ ಬಂತು ಎಂದು ನೋಡಿ

ಗೆದ್ದ ದಿನ ಒಂದು ಮುಖ, ಸೋತ ದಿನ ಇನ್ನೊಂದು ಮುಖ ತೋರಿಸುವ ಮನೆಯಲ್ಲಿ ಮಗು ಫಲಿತಾಂಶಕ್ಕೆ ಮಾತ್ರ ಬೆಲೆ ಎಂದು ಕಲಿಯುತ್ತದೆ. ‘ಸ್ವಲ್ಪ ದಪ್ಪ ಆಗು, ಆಮೇಲೆ ತಂಡಕ್ಕೆ ತೊಗೋತೀನಿ’ ಎಂದು ಹೇಳಿ, ಹೇಗೆ ಎಂಬುದನ್ನು ಹೇಳದೆ ಬಿಡುವ ತರಬೇತುದಾರ ತನಗೆ ಅರಿವಿಲ್ಲದೆಯೇ ಆ ಹುಡುಗನನ್ನು ಸೈಕಲ್ ಮಾರುವವನ ಕಡೆ ಕಳುಹಿಸುತ್ತಿದ್ದಾನೆ. ತೂಕ ಹೆಚ್ಚಿಸು ಎನ್ನುವವರು ಅದೇ ಉಸಿರಿನಲ್ಲಿ ಆಹಾರ, ವ್ಯಾಯಾಮ, ವಿಶ್ರಾಂತಿಯ ಲಿಖಿತ ಯೋಜನೆಯನ್ನೂ ಗಡುವನ್ನೂ ಕೊಡಬೇಕು, ಮತ್ತು ಆ ಗಡುವು ದೇಹಕ್ಕೆ ಸಾಧ್ಯವಿರುವಷ್ಟು ದೂರದಲ್ಲಿರಬೇಕು.

ಯೋಜನೆಯ ಮೂಲ ಅಂಶಗಳು ಸರಳ. ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮುಂಜಾನೆಯ ಅಭ್ಯಾಸವೂ ತಡರಾತ್ರಿಯ ಮೊಬೈಲೂ ಸೇರಿದರೆ ಇದು ಐದಾರು ಗಂಟೆಗೆ ಇಳಿದಿರುತ್ತದೆ. ಕಠಿಣ ವ್ಯಾಯಾಮ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.4ರಿಂದ 2 ಗ್ರಾಂ ಪ್ರೋಟೀನ್ ಸಾಕು, ಅಂದರೆ 60 ಕಿಲೋ ತೂಗುವವರಿಗೆ 84ರಿಂದ 120 ಗ್ರಾಂ. ಇದು ಬಹುಪಾಲು ದಿನನಿತ್ಯದ ಊಟದಲ್ಲೇ ಸಿಗುತ್ತದೆ. ಒಂದು ಪುಸ್ತಕ ಇಟ್ಟು ಎತ್ತಿದ ಭಾರ, ಓಡಿದ ಸಮಯ, ನಿದ್ದೆಯ ಗಂಟೆ, ಎತ್ತರ ಇಷ್ಟನ್ನು ಬರೆಸಿ. ಆರು ತಿಂಗಳ ಹಿಂದಿನ ಪುಟ ತೆಗೆದು ಮಗು ತನ್ನದೇ ಅಂಕಿಯನ್ನು ನೋಡಿದಾಗ ಕನ್ನಡಿ ಹೇಳದ ಸಂಗತಿ ಅದಕ್ಕೆ ತಿಳಿಯುತ್ತದೆ.

ಐದನೇ ಹೆಜ್ಜೆ: ಡಬ್ಬಿಯ ಮೇಲಿನ ಅಕ್ಷರವನ್ನು ಒಟ್ಟಿಗೆ ಕೂತು ಓದಿ

ಮಗು ಬಳಸುವ ಪ್ರತಿ ಪುಡಿ, ಮಾತ್ರೆ, ಹನಿಯನ್ನು ಮೇಜಿನ ಮೇಲೆ ಇಟ್ಟು ಲೇಬಲನ್ನು ಗಟ್ಟಿಯಾಗಿ ಓದಿ. ಮುಂಭಾಗದ ಚಿತ್ರ ಮತ್ತು ಭರವಸೆಗಳನ್ನು ಬಿಟ್ಟು ಹಿಂಭಾಗದ ಚಿಕ್ಕ ಅಕ್ಷರಕ್ಕೆ ಹೋಗಿ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಬರೆದು ಒಳಗಿನ ಪ್ರಮಾಣ ಹೇಳದ ಡಬ್ಬಿಯನ್ನು ಪಕ್ಕಕ್ಕಿಡಿ. ‘ಟೆಸ್ಟೋ’, ‘ಅನಬಾಲಿಕ್’, ‘ಪ್ರೊಹಾರ್ಮೋನ್’ ಎಂಬ ಪದಗಳಿದ್ದರೆ, ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ’ ಎಂಬ ಸಾಲಿದ್ದರೆ, ತಯಾರಕರ ವಿಳಾಸವೇ ಇಲ್ಲದಿದ್ದರೆ ಅದನ್ನು ಬಳಸುವ ಮಾತೇ ಬೇಡ. ಕ್ರಿಯೇಟೀನ್, ಪ್ರೋಟೀನ್ ಪುಡಿ ಸ್ಟೆರಾಯ್ಡ್‌ಗಳಲ್ಲ, ನಿಷೇಧಿತವೂ ಅಲ್ಲ. ಎಲ್ಲವನ್ನೂ ಒಂದೇ ಗುಡ್ಡೆಗೆ ಹಾಕಿ ಬೈದರೆ ಮಗು ನಿಮ್ಮ ತಿಳಿವಳಿಕೆಯನ್ನೇ ಸಂಶಯಿಸುತ್ತದೆ.

ಲೇಬಲ್ ಸರಿಯಿದ್ದರೂ ಒಳಗಿನದು ಸರಿಯಿರುತ್ತದೆ ಎಂಬ ಖಾತ್ರಿಯಿಲ್ಲ. ಜರ್ಮನಿಯ ಕಲೋನ್‌ನ ಡೋಪಿಂಗ್ ಪ್ರಯೋಗಾಲಯ 2000-2001ರಲ್ಲಿ 13 ದೇಶಗಳಿಂದ 634 ಪೂರಕ ಆಹಾರಗಳನ್ನು ಕೊಂಡು ಪರೀಕ್ಷಿಸಿದಾಗ 94ರಲ್ಲಿ ಲೇಬಲ್ಲಿನಲ್ಲಿ ನಮೂದಿಸದ ಹಾರ್ಮೋನ್ ಅಂಶಗಳು ಸಿಕ್ಕವು. ಸ್ವತಂತ್ರ ಪ್ರಯೋಗಾಲಯದಲ್ಲಿ ಬ್ಯಾಚ್ ಬ್ಯಾಚಾಗಿ ಪರೀಕ್ಷಿಸಿದ ಉತ್ಪನ್ನಗಳು ಅಪಾಯವನ್ನು ಕಡಿಮೆ ಮಾಡುತ್ತವೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಸ್ಪರ್ಧಿಸುವ ಹದಿಹರೆಯದವರು ವೈದ್ಯರು ಹೇಳದ ಹೊರತು ಯಾವ ಪೂರಕವನ್ನೂ ಬಳಸದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕೊಟ್ಟವರು ಯಾರೆಂದೂ ಕೇಳಿ. ಪೂರ್ವ ಜರ್ಮನಿಯಲ್ಲಿ 1970ರ ಮತ್ತು 80ರ ದಶಕಗಳಲ್ಲಿ ‘ಓರಲ್ ಟ್ಯೂರಿನಾಬಾಲ್’ ಎಂಬ ಸ್ಟೆರಾಯ್ಡ್ ಮಾತ್ರೆಗಳನ್ನು ಹದಿಹರೆಯದ ಹುಡುಗಿಯರಿಗೂ ನುಂಗಿಸಲಾಯಿತು, ಎಷ್ಟೋ ಮಂದಿಗೆ ಅವು ವಿಟಮಿನ್ ಎಂದೇ ಹೇಳಲಾಗಿತ್ತು. ಆ ವ್ಯವಸ್ಥೆಯ ಮುಖ್ಯಸ್ಥರಲ್ಲಿ ಒಬ್ಬರಾದ ಮನ್‌ಫ್ರೆಡ್ ಎವಾಲ್ಡ್ ಅವರಿಗೆ ಬರ್ಲಿನ್‌ನ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು 2000ನೇ ಇಸವಿಯಲ್ಲಿ, ಆ ಹುಡುಗಿಯರು ನಡುವಯಸ್ಸಿಗೆ ಬಂದ ಮೇಲೆ. ತರಬೇತುದಾರರೇ ಆಗಲಿ, ತಂಡದ ವೈದ್ಯರೇ ಆಗಲಿ, ಹೆಸರಿಲ್ಲದ ಮಾತ್ರೆ ಕೊಟ್ಟರೆ ‘ಇದರ ಹೆಸರು ಬರೆದುಕೊಡಿ, ಮನೆಯಲ್ಲಿ ಕೇಳಬೇಕು’ ಎಂದು ಹೇಳಲು ಮಗುವಿಗೆ ಅಭ್ಯಾಸ ಮಾಡಿಸಿ. ಮನೆಯಲ್ಲಿ ಎರಡು ಮೂರು ಸಲ ಬಾಯಿಬಿಟ್ಟು ಹೇಳಿಸಿದರೆ ಮಾತ್ರ ಆ ಹೊತ್ತಿಗೆ ಮಾತು ಹೊರಡುತ್ತದೆ.

ಆರನೇ ಹೆಜ್ಜೆ: ನಿಯಮಗಳನ್ನು ತಿಳಿಸಿ

ಬೆನ್ ಜಾನ್ಸನ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ, ಸ್ಟನೊಜೊಲಾಲ್ ಪತ್ತೆಯಾಗಿ, ಚಿನ್ನ ಕಳೆದುಕೊಂಡರು. 1999ರಲ್ಲಿ ಸ್ಥಾಪನೆಯಾದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಪ್ರತಿ ವರ್ಷ ಜನವರಿ 1ರಿಂದ ಜಾರಿಗೆ ಬರುವಂತೆ ನಿಷೇಧಿತ ಪಟ್ಟಿ ಪ್ರಕಟಿಸುತ್ತದೆ. ಅನಬಾಲಿಕ್ ಸ್ಟೆರಾಯ್ಡ್‌ಗಳು ಪಂದ್ಯದ ದಿನ ಮಾತ್ರವಲ್ಲ, ವರ್ಷವಿಡೀ ನಿಷಿದ್ಧ. ಮೊದಲ ತಪ್ಪಿಗೇ ಸಾಮಾನ್ಯವಾಗಿ 4 ವರ್ಷ ನಿಷೇಧ. ಮಾದರಿಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ; ‘ಗೊತ್ತಿರಲಿಲ್ಲ’ ಎಂಬ ಮಾತಿನಿಂದ ತಪ್ಪು ಅಳಿಸಿಹೋಗುವುದಿಲ್ಲ. 16 ತುಂಬದವರಂಥ ಸಂರಕ್ಷಿತ ವರ್ಗಕ್ಕೆ ಶಿಕ್ಷೆಯಲ್ಲಿ ಸಡಿಲಿಕೆ ಸಾಧ್ಯವಿದೆ, ಆದರೆ ಅಂಥ ಮಗುವಿಗೆ ಸ್ಟೆರಾಯ್ಡ್ ಕೊಟ್ಟ ತರಬೇತುದಾರನಿಗೆ ಆಜೀವ ನಿಷೇಧ ಕಾದಿರುತ್ತದೆ. ಮಾದರಿಗಳನ್ನು 10 ವರ್ಷದವರೆಗೆ ಕಾದಿರಿಸಿ ಮರುಪರೀಕ್ಷೆ ಮಾಡಬಹುದು.

ನಿಜವಾದ ಕಾಯಿಲೆಗೆ ನಿಷೇಧಿತ ಔಷಧ ಬೇಕಾದರೆ ಚಿಕಿತ್ಸಾ ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸುವ ದಾರಿಯಿದೆ. ಮಗು ಕ್ರೀಡಾಪಟು ಎಂಬುದನ್ನು ಪ್ರತಿ ವೈದ್ಯರ ಭೇಟಿಯಲ್ಲೂ ಮೊದಲೇ ಹೇಳಿ.

ಏಳನೇ ಹೆಜ್ಜೆ: ಅನುಮಾನ ಬಂದರೆ

ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ಮೊಡವೆ, ಸಿಡುಕು, ಹಸಿವು ಎಲ್ಲವೂ ಹರೆಯದ ಸಹಜ ಸಂಗತಿಗಳೇ. ಹಲವು ಒಟ್ಟಿಗೆ, ಕೆಲವೇ ವಾರಗಳಲ್ಲಿ ಬಂದಾಗ ಗಮನ ಕೊಡಿ: ತೂಕ ಮತ್ತು ಬಲದ ಹಠಾತ್ ಏರಿಕೆ, ಬೆನ್ನು ಭುಜಗಳ ಮೇಲೆ ದಟ್ಟ ಮೊಡವೆ, ಕಂಕುಳ ಬಳಿ ಕೆಂಪು ಸೀಳುಗೆರೆ, ಎದೆಯಲ್ಲಿ ನೋವು ತರುವ ಗಂಟು, ಹಿಂದೆಂದೂ ಕಾಣದ ರೋಷ, ಹಣದ ಗುಟ್ಟಾದ ಅಗತ್ಯ, ಬಾಗಿಲು ಹಾಕಿಕೊಳ್ಳುವ ಹೊಸ ರೂಢಿ. ಎಲ್ಲಿಯಾದರೂ ಸಿರಿಂಜ್ ಅಥವಾ ಎಣ್ಣೆಯಂಥ ದ್ರವದ ಸೀಸೆ ಕಂಡರೆ ಎಸೆಯಬೇಡಿ. ಏನು ಹೋಯಿತು ದೇಹದೊಳಗೆ ಎಂದು ತಿಳಿಯಲು ವೈದ್ಯರಿಗೆ ಅದು ಬೇಕು. ಆದರೆ ಅದನ್ನು ಮುಖದ ಮುಂದೆ ಹಿಡಿದು ವಿಚಾರಣೆ ಆರಂಭಿಸಬೇಡಿ. ಒಂದು ರಾತ್ರಿ ಕಳೆಯಲಿ. ಮರುದಿನ, ಒಬ್ಬರೇ, ‘ನಿನ್ನ ದೇಹದಲ್ಲಿ ಬದಲಾವಣೆ ಕಾಣ್ತಿದೆ, ನನಗೆ ಭಯ ಆಗ್ತಿದೆ, ನಾಳೆ ಇಬ್ಬರೂ ಡಾಕ್ಟರ್ ಹತ್ತಿರ ಹೋಗೋಣ’ ಎಂದು ಹೇಳಿ. ಒಪ್ಪಿಕೊಳ್ಳಲೇಬೇಕೆಂಬ ಹಟ ಬೇಡ, ವೈದ್ಯರ ಭೇಟಿಗೆ ಒಪ್ಪಿದರೆ ಆ ದಿನಕ್ಕೆ ಅಷ್ಟು ಸಾಕು.

ಎಂಟನೇ ಹೆಜ್ಜೆ: ಈಗಾಗಲೇ ಬಳಸುತ್ತಿದ್ದರೆ

ಬಿಡಿಸುವುದು ಅಗತ್ಯ, ಆದರೆ ಒಂಟಿಯಾಗಿ ಬಿಡಲು ಬಿಡಬಾರದು. ಔಷಧ ನಿಂತಾಗ ದೇಹದ ಸ್ವಂತ ಹಾರ್ಮೋನ್ ಇನ್ನೂ ಮಲಗಿಯೇ ಇರುತ್ತದೆ. ಆ ಖಾಲಿ ವಾರಗಳಲ್ಲಿ ಆಯಾಸ, ನಿದ್ರಾಹೀನತೆ, ಕರಗುವ ಸ್ನಾಯು ಇವುಗಳ ಜತೆ ತೀವ್ರ ಖಿನ್ನತೆ ಬರಬಹುದು, ಆತ್ಮಹತ್ಯೆಯ ಯೋಚನೆಯೂ ಬರಬಹುದು. ಬದುಕಿನ ಬಗ್ಗೆ ಹತಾಶೆಯ ಮಾತು ಕೇಳಿದರೆ ಅದನ್ನು ನಾಟಕವೆಂದು ಎಣಿಸದೆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರನ್ನು ಕಾಣಿ. ಹಾರ್ಮೋನ್ ತಜ್ಞರು ಅಂದರೆ ಎಂಡೊಕ್ರೈನಾಲಜಿಸ್ಟ್ ಇಲ್ಲಿ ಸರಿಯಾದ ವೈದ್ಯರು. ರಕ್ತದೊತ್ತಡ, ರಕ್ತದ ದಪ್ಪ, ಕೊಲೆಸ್ಟರಾಲ್, ಯಕೃತ್ತಿನ ಪರೀಕ್ಷೆ, ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಹೃದಯದ ಎಕೋ, ಇನ್ನೂ ಬೆಳೆಯುವ ವಯಸ್ಸಾದರೆ ಮೂಳೆಯ ವಯಸ್ಸು ತಿಳಿಯಲು ಕೈಮಣಿಕಟ್ಟಿನ ಎಕ್ಸ್‌ರೇ, ಸೂಜಿ ಹಂಚಿಕೊಂಡಿದ್ದರೆ ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆ, ಇವನ್ನು ಅವರು ಹೇಳಬಹುದು. ವೈದ್ಯರು ಮಗುವಿನೊಂದಿಗೆ ಸ್ವಲ್ಪ ಹೊತ್ತು ಏಕಾಂತದಲ್ಲಿ ಮಾತಾಡಲು ಕೇಳಿದರೆ ಹೊರಗೆ ಬನ್ನಿ. ನಿಮ್ಮೆದುರು ಬಾರದ ಸತ್ಯ ಅಲ್ಲಿ ಬರುತ್ತದೆ. ಜಿಮ್‌ನವರು ಸೂಚಿಸಿದ ‘ಪಿಸಿಟಿ’ ಮಾತ್ರೆಗಳನ್ನು ಸ್ವಂತವಾಗಿ ನುಂಗಲು ಬಿಡಬೇಡಿ, ಅವುಗಳಲ್ಲಿ ಹಲವು ತಾವೇ ನಿಷೇಧಿತ ಪಟ್ಟಿಯಲ್ಲಿವೆ.

ಮುಂದಿನ ತಿಂಗಳುಗಳು ತರಬೇತುದಾರನ ಪಾಲಿಗೆ ಅತಿ ಸೂಕ್ಷ್ಮವಾದವು. ಹುಡುಗ ತೂಕ ಕಳೆದುಕೊಂಡು, ಹಿಂದೆ ಎತ್ತುತ್ತಿದ್ದ ಭಾರ ಎತ್ತಲಾಗದೆ ಮೈದಾನಕ್ಕೆ ಬರುತ್ತಾನೆ. ಆ ದಿನ ಹಳೆಯ ಭಾರದ ತಟ್ಟೆಗಳು ಸರಳಿನ ಮೇಲೆ ಇರಬಾರದು. ಅವನು ಬರುವ ಮೊದಲೇ ಅವನ್ನು ಇಳಿಸಿ, ಇಂದು ಅವನಿಂದ ಹತ್ತು ಸಲ ಎತ್ತಲು ಆಗುವಷ್ಟನ್ನು ಮಾತ್ರ ಹಾಕಿಟ್ಟು, ಪುಸ್ತಕದಲ್ಲಿ ಹೊಸ ಪುಟ ತೆರೆದು ದಿನಾಂಕ ಬರೆದಿರಿ, ಮತ್ತು ಮೊದಲ ಸಲ ಎತ್ತುವಾಗ ಪಕ್ಕದಲ್ಲೇ ನಿಂತಿರಿ.